ಕೋಳಿ ಕೂಗಿದ ಮೇಲೆ

ನಮ್ಮ ಹಾಸ್ಟೆಲಿನಲ್ಲಿ ಇದ್ದವರೆಲ್ಲ ಹೆಚ್ಚುಕಡಿಮೆ ಕಾಫಿ ತೋಟದ ಲೈನ್ ಮನೆಗಳ ಮಕ್ಕಳು. ವಾರ್ಡನ್ ಆಗಿದ್ದ ಫಾದರ್, 1963ರಲ್ಲಿ ಚಿಕ್ಕಮಗಳೂರು ಒಬ್ಬ ಬಿಷಪರ ಕೈಕೆಳಗಿನ ಪ್ರತ್ಯೇಕ ಧರ್ಮಪ್ರಾಂತ್ಯವಾದ ಕಾಲದಿಂದ ಮಲೆನಾಡಿನ ಊರೂರು ತಿರುಗಿದವರು. ಅವರ ಬಗ್ಗೆ ಬರೆಯಬೇಕು ಅಂದರೆ ನನಗೆ ನೆನಪಾಗುವುದು ನನ್ನ ಗೆಳೆಯನ ವಿಷಯ. ಬರೆಯಲಾ ಎಂದು ಅವನನ್ನೇ ಕೇಳಿದೆ. 'ಬರಿ, ಹೆಸರು ಮಾತ್ರ ಬೇಡ' ಎಂದ.

ಹತ್ತನೇ ಕ್ಲಾಸಿನಲ್ಲಿ ಪರೀಕ್ಷೆ ಫೀಸು ಒಟ್ಟು ಮಾಡುವ ಕೆಲಸ ಅವನದು. ಆ ದುಡ್ಡನ್ನು ಅವನು ಖರ್ಚು ಮಾಡಿಬಿಟ್ಟ. ಸಿಕ್ಕಿಬಿದ್ದ ಮೇಲೆ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಪೂಜೆಗೆ ಬರುವುದು ಬಿಟ್ಟ, ಜಪಸರ ಪೆಟ್ಟಿಗೆಯಲ್ಲಿಟ್ಟ. 'ದೇವರಿಗೆ ನನ್ನಂಥವರು ಬೇಡ' ಎಂದು ಒಮ್ಮೆ ನನ್ನ ಹತ್ತಿರ ಹೇಳಿದ್ದ. ನಮಗೂ ಸಿಟ್ಟಿತ್ತು. ನಮ್ಮ ಅಪ್ಪ ಅಮ್ಮಂದಿರ ಕೂಲಿ ದುಡ್ಡು ಅಲ್ವಾ ಅದು?

ಫಾದರ್ ಫೀಸನ್ನು ತಾವೇ ಕಟ್ಟಿದರು. ಮೂಲೆಯಲ್ಲಿ ಕೂತಿದ್ದ ಅವನಿಗೆ, 'ದುಡ್ಡು ಆಮೇಲೆ ಕೊಡುವೆಯಂತೆ, ಮೊದಲು ಊಟಕ್ಕೆ ಬಾ' ಎಂದರು. ತಮ್ಮ ಪಕ್ಕದಲ್ಲೇ ಕೂರಿಸಿಕೊಂಡರು. ಕ್ರಿಸ್ಮಸ್ ರಜೆಯಲ್ಲಿ ಅವನು ಅಮ್ಮನ ಜೊತೆ ಕಾಫಿ ಕುಯ್ಲಿಗೆ ಹೋಗಿ ಆ ದುಡ್ಡು ತೀರಿಸಿದ. ಬೈಬಲಿನ ಸುಂಕದವ ಜಕ್ಕಾಯನದೂ ಇದೇ ಕ್ರಮ. ಯೇಸು ಅವನ ಮನೆಗೆ ಮೊದಲು ಹೋದರು. ಮೋಸದಿಂದ ತೆಗೆದುಕೊಂಡದ್ದನ್ನು ನಾಲ್ಕರಷ್ಟು ಕೊಡುತ್ತೇನೆ ಎಂದು ಅವನು ಹೇಳಿದ್ದು ಆಮೇಲೆ.

ತೋಟಗಳಲ್ಲಿ ಹೂಮಳೆಗೆ ಕಾಫಿ ಅರಳುವ ಹೊತ್ತಿಗೆ ತಪಸ್ಸುಕಾಲ, ಅಂದರೆ ಈಸ್ಟರಿಗೆ ಮುಂಚಿನ ಉಪವಾಸದ ದಿನಗಳು. ಒಂದು ಸಂಜೆ ಫಾದರ್ ಯೇಸುವಿನ ಶಿಷ್ಯ ಪೇತ್ರನ ಪಾಠ ಮಾಡಿದರು. ಅದು ಇವತ್ತಿಗೂ ನನಗೆ ಮರೆತಿಲ್ಲ. ಯೇಸುವನ್ನು ಬಂಧಿಸಿದ ರಾತ್ರಿ ಪೇತ್ರ 'ಅವನನ್ನು ಅರಿಯೆ' ಎಂದದ್ದು ಇದ್ದಲು ಬೆಂಕಿಯ ಹತ್ತಿರ, ಚಳಿ ಕಾಯಿಸುತ್ತಾ. ಮೂರನೇ ಸಲ ಹಾಗೆ ಅಂದಾಗ ಕೋಳಿ ಕೂಗಿತು. ಪುನರುತ್ಥಾನದ ನಂತರ ಕೆರೆಯ ದಡದಲ್ಲಿ ಯೇಸು ಮತ್ತೆ ಇದ್ದಲು ಬೆಂಕಿ ಹಾಕಿ, ಮೀನು ಸುಟ್ಟು, ಊಟಕ್ಕೆ ಕರೆದರು. ಮೂರು ಸಲ ಇಲ್ಲ ಎಂದವನನ್ನು ಮೂರು ಸಲ ಕೇಳಿದರು, ನನ್ನನ್ನು ಪ್ರೀತಿಸುತ್ತೀಯಾ ಎಂದು. ಯಾಕೆ ಹಾಗೆ ಮಾಡಿದೆ ಎಂದು ಒಂದು ಸಲವೂ ಕೇಳಲಿಲ್ಲ. ಕುರಿಗಳನ್ನು ಮೇಯಿಸುವ, ಅಂದರೆ ತಮ್ಮ ಜನರನ್ನು ನೋಡಿಕೊಳ್ಳುವ ಕೆಲಸ ಕೊಟ್ಟರು.

ಯೇಸುವನ್ನು ಹಿಡಿದುಕೊಟ್ಟ ಶಿಷ್ಯ ಯೂದನೂ ಪೇತ್ರನೂ ಒಂದೇ ರಾತ್ರಿ ಬಿದ್ದವರು. ಇಬ್ಬರೂ ಸಂಕಟಪಟ್ಟರು. ಯೂದ ಅದಕ್ಕಾಗಿ ಪಡೆದ ಮೂವತ್ತು ಬೆಳ್ಳಿ ನಾಣ್ಯವನ್ನು ವಾಪಸ್ ಬಿಸಾಡಿದ ಕೂಡ. ಆದರೆ ಆ ದಡಕ್ಕೆ ಬರುವ ತನಕ ಅವನು ಬದುಕಿ ಉಳಿಯಲಿಲ್ಲ. ಇದನ್ನು ಹೇಳುವಾಗ ಫಾದರ್ ದನಿ ನಡುಗಿತು.

ಆ ವಾರವೇ ನನ್ನ ಗೆಳೆಯ, ಗುರುಗಳ ಹತ್ತಿರ ಪಾಪ ಒಪ್ಪಿಕೊಳ್ಳುವ ಪಾಪನಿವೇದನೆಗೆ ಹೋದ. ಒಳಗೆ ಏನು ಹೇಳಿದನೋ, ಅದು ಅವನಿಗೂ ದೇವರಿಗೂ ಬಿಟ್ಟದ್ದು. ಹೊರಗೆ ಬಂದವನು ಬಹಳ ಹೊತ್ತು ಅತ್ತ. ಪಾಸ್ಕ, ಅಂದರೆ ಈಸ್ಟರ್ ಹಬ್ಬದಂದು ನಮ್ಮ ಜೊತೆಯೇ ಪರಮಪ್ರಸಾದ ಸ್ವೀಕರಿಸಿದ. ಹಾಸ್ಟೆಲ್ ಬಿಡುವ ಮೊದಲು ಫಾದರ್ ಮೆಸ್ಸಿನ ಲೆಕ್ಕದ ಪುಸ್ತಕ, ಬೀಗದ ಕೈ ಎರಡನ್ನೂ ಅವನ ಕೈಗೇ ಕೊಟ್ಟಿದ್ದರು. ಕ್ಷಮೆ ಅಂದರೆ ಇಷ್ಟು ಪೂರ್ತಿಯಾಗಿ ಇರಬಹುದು ಎಂದು ನಾನು ಅಲ್ಲಿಯವರೆಗೆ ಎಣಿಸಿರಲಿಲ್ಲ. ನನ್ನ ಸಿಟ್ಟು ಹೋದದ್ದೂ ಆಗಲೇ.

ಈಗ ಅವನು ತನ್ನೂರಿನ ಚರ್ಚಿನಲ್ಲಿ ಮಕ್ಕಳಿಗೆ ಧರ್ಮೋಪದೇಶ ಕಲಿಸುತ್ತಾನೆ. ಪೇತ್ರನ ಕಥೆಯನ್ನು ಕೋಳಿ ಕೂಗಿದ ಕಡೆ ನಿಲ್ಲಿಸಲು ಬಿಡುವುದಿಲ್ಲ. ಗಂಟೆ ಹೊಡೆದರೂ ಸರಿ, ಕೆರೆ ದಡದ ಊಟದವರೆಗೆ ಹೇಳಿಯೇ ಮಕ್ಕಳನ್ನು ಮನೆಗೆ ಕಳಿಸುತ್ತಾನೆ.