‘ಲಾ ಕೊಂದೇಸಾ ಮರಿಯಾ’ಗೆ ಕನ್ನಡ ಫಲಕಗಳು: ಮೂರನೇ ವಾರ

ಅರ್ಧ ದಾರಿ ಬಂತು. 1928ರ ಸ್ಪೇನಿನ ಮೂಕಿ ಚಿತ್ರ ಇದು, ನಿರ್ದೇಶನ ಬೆನಿತೊ ಪೆರೋಹೊ ಅವರದು. ದೃಶ್ಯಗಳ ನಡುವೆ ಬರುವ ಬರಹದ ಫಲಕಗಳನ್ನು ಕನ್ನಡಕ್ಕೆ ತರುತ್ತಿದ್ದೇನೆ, ಮನೆಯವರ ಜೊತೆ ಕೂತು ನೋಡುವ ಆಸೆಯಿಂದ.

ಸಿರಿವಂತ ಮನೆತನದ ಕೌಂಟೆಸ್ ಮರಿಯಾಳ ಮಗ ಲೂಯಿಸ್ ಮೊರಾಕೊ ಯುದ್ಧದಲ್ಲಿ ಕಾಣೆಯಾಗುತ್ತಾನೆ. ಅವನ ಮಗುವಿನ ತಾಯಿ ರೊಸಾರಿಯೊ ಬಡವರ ಮನೆ ಹುಡುಗಿ. ಮದುವೆಯಾಗಿಲ್ಲ. ಕೌಂಟೆಸ್ ಅವಳನ್ನು ಮನೆಯೊಳಗೆ ಕರೆದುಕೊಳ್ಳುತ್ತಾಳೆ. ನೆಂಟರಿಗೆ ಇದನ್ನು ಸಹಿಸಲು ಆಗುವುದಿಲ್ಲ.

ಈ ವಾರ ಜಾಸ್ತಿ ಹೊತ್ತು ಹಿಡಿದದ್ದು ಇಬ್ಬರು ಹೆಂಗಸರ ಮಾತು. ಸ್ಪ್ಯಾನಿಷ್‌ನಲ್ಲೂ ನಮ್ಮ ಹಾಗೆ ‘ನೀನು’, ‘ನೀವು’ ಬೇರೆ ಬೇರೆ. ಹಾಗಾಗಿ ಅಂತಸ್ತಿನ ಅಂತರವನ್ನು ಕನ್ನಡದಲ್ಲಿ ಸಲೀಸಾಗಿ ತೋರಿಸಬಹುದು. ರೊಸಾರಿಯೊ ಬಾಯಲ್ಲಿ ಮೊದಲು ‘ಅಮ್ಮಾವ್ರೇ’ ಅಂತ ಇಟ್ಟೆ. ಕೌಂಟೆಸ್ ಅವಳನ್ನು ‘ಮಗಳೇ’ ಅಂತ ಎಲ್ಲಿಂದ ಕರೆಯಬೇಕು? ನಾನು ಮೊದಲ ಭೇಟಿಯಲ್ಲೇ ಹಾಕಿದ್ದೆ. ನಮ್ಮತ್ತೆ ಓದಿ ನೋಡಿ, ‘ಇಷ್ಟು ಬೇಗ ಯಾರು ಕರೀತಾರೆ? ಮೊದಲು ಮಗುವನ್ನು ಎತ್ತಿಕೊಳ್ಳಲಿ’ ಅಂದರು. ನಿಜ ಅಲ್ವಾ! ಆ ಪದವನ್ನು ಮುಂದಿನ ಫಲಕಗಳಿಗೆ ತಳ್ಳಿದೆ. ಈಗ ಮೊದಲ ಭೇಟಿಯ ಫಲಕದಲ್ಲಿ ಬರೀ ‘ಒಳಗೆ ಬಾ’ ಅಂತಿದೆ.

ಇನ್ನೊಂದು ಪದ ಎರಡು ರಾತ್ರಿ ತಿಂದಿತು. ಲೂಯಿಸ್‌ನ ಸುದ್ದಿಗೆ ‘ನಾಪತ್ತೆ’ ಬರೆದರೆ ಪೊಲೀಸ್ ಠಾಣೆಯ ವಾಸನೆ. ‘ಕಾಣೆಯಾಗಿದ್ದಾರೆ’ ಅಂದರೆ ಪೇಪರಿನ ಜಾಹೀರಾತು. ಕೊನೆಗೆ ‘ಸುಳಿವಿಲ್ಲ’ ಉಳಿಯಿತು.

ಆ ಪದ ಆಗಿನ ಪ್ರೇಕ್ಷಕರಿಗೆ ಎಷ್ಟು ಹತ್ತಿರದ್ದು ಅಂತ ಹುಡುಕುತ್ತಾ ಹೋದೆ. 1921ರ ಜುಲೈನಲ್ಲಿ ಉತ್ತರ ಮೊರಾಕೊದ ಅನ್ವಾಲ್ ಎಂಬಲ್ಲಿ, ಸ್ಪೇನಿನ ಆಳ್ವಿಕೆಯ ವಿರುದ್ಧ ಎದ್ದ ಅಬ್ದ್ ಎಲ್ ಕ್ರಿಮ್‌ನ ಪಡೆಗಳು, ಅಂದರೆ ರಿಫ್ ಎಂಬ ಅಲ್ಲಿನ ಗುಡ್ಡಗಾಡಿನ ಜನ, ಸ್ಪೇನಿನ ಸೇನೆಯನ್ನು ಮಣ್ಣುಮುಕ್ಕಿಸಿದವು. ಸಾವಿರಾರು ಸೈನಿಕರು ಸತ್ತರು. ಸೆರೆ ಸಿಕ್ಕವರಲ್ಲಿ ಬದುಕುಳಿದ ಮುನ್ನೂರಕ್ಕೂ ಹೆಚ್ಚು ಜನ ಬಿಡುಗಡೆಯಾದದ್ದು 1923ರ ಜನವರಿಯಲ್ಲಿ, ಅದೂ ಸುಮಾರು 40 ಲಕ್ಷ ಪೆಸೆಟಾ ಹಣ ಕೊಟ್ಟ ಮೇಲೆ. ಒಂದೂವರೆ ವರ್ಷ ಎಷ್ಟೋ ಮನೆಗಳು ಬಾಗಿಲು ನೋಡುತ್ತಾ ಕೂತಿದ್ದವು. ಲೂಯಿಸ್ ಬದುಕಿ ವಾಪಸ್ ಬರುವುದು ಸುಮ್ನೆ ಕಟ್ಟಿದ ತಿರುವು ಅಂತ ಮೊದಲು ಅನ್ನಿಸಿತ್ತು. ಈಗ ಹಾಗನ್ನಿಸುವುದಿಲ್ಲ.

ಯುದ್ಧಕ್ಕೆ ಯಾರು ಹೋಗುತ್ತಿದ್ದರು ಅನ್ನುವುದೂ ಮುಖ್ಯ. 1912ರವರೆಗೆ ಸ್ಪೇನಿನಲ್ಲಿ 1,500 ಪೆಸೆಟಾ ಕಟ್ಟಿದರೆ ಸೇನೆಗೆ ಹೋಗಬೇಕಿರಲಿಲ್ಲ. ಆ ವರ್ಷದ ಕಾನೂನು ಅದನ್ನು ತೆಗೆದರೂ, ದುಡ್ಡು ಕಟ್ಟಿ ಸೇವೆಯ ತಿಂಗಳು ಕಡಿಮೆ ಮಾಡಿಸಿಕೊಳ್ಳುವ ದಾರಿ ಉಳಿಯಿತು. 1909ರಲ್ಲಿ ಮೀಸಲು ಸೈನಿಕರನ್ನು ಮೊರಾಕೊಗೆ ಕರೆದಾಗ ಬಾರ್ಸಿಲೋನಾ ಹೊತ್ತಿ ಉರಿದದ್ದು, ಯುದ್ಧಕ್ಕೆ ಹೋಗುವುದು ಬಡವರೇ ಅನ್ನುವ ಇದೇ ಸಿಟ್ಟಿಗೆ. ಈ ಚಿತ್ರ ಆ ಸಿಟ್ಟನ್ನು ಮುಟ್ಟುವುದಿಲ್ಲ. ಇಲ್ಲಿ ಕಳೆದುಹೋಗುವವನು ಸಿರಿವಂತರ ಮಗ, ಕಣ್ಣೀರೂ ದೊಡ್ಡ ಮನೆಯದು. ಸಾಲದ್ದಕ್ಕೆ ಆಗ ಸ್ಪೇನಿನಲ್ಲಿ ಸೇನಾಧಿಕಾರಿ ಪ್ರಿಮೊ ದೆ ರಿವೇರಾನ ಸರ್ವಾಧಿಕಾರ ನಡೆಯುತ್ತಿತ್ತು. ನನಗೆ ಇದು ಚಿತ್ರದ ಕೊರತೆಯೇ. ಆದರೂ ಮದುವೆಯಾಗದ ತಾಯಿಯೊಬ್ಬಳನ್ನು ಅದೇ ದೊಡ್ಡ ಮನೆಗೆ ಸೇರಿಸುವ ಕತೆ ಅಂತ ಇದನ್ನು ಬಿಡಲು ಮನಸ್ಸಿಲ್ಲ. ಕೌಂಟೆಸ್ ಪಾತ್ರ ಮಾಡಿದ ನಟಿ ರೊಸಾರಿಯೊ ಪೀನೊ ಅವರ ಮುಖ ನೋಡಿದರೆ ಎಷ್ಟೋ ಕಡೆ ಫಲಕವೇ ಬೇಡ.

ತಾಂತ್ರಿಕ ತೊಂದರೆ ಒಂದೇ: ಎಡಿಟಿಂಗ್ ಸಾಫ್ಟ್‌ವೇರಿನಲ್ಲಿ ಒತ್ತಕ್ಷರಗಳು ಒಡೆಯುತ್ತಿದ್ದವು. ಈಗ ಪ್ರತಿ ಫಲಕವನ್ನೂ ಬೇರೆ ಕಡೆ ಚಿತ್ರವಾಗಿ ಮಾಡಿ ಸೇರಿಸುತ್ತಿದ್ದೇನೆ. ನಿಧಾನ, ಆದರೆ ಅಕ್ಷರ ಅಚ್ಚುಕಟ್ಟು.

ಭಾನುವಾರ ಗೋಡೆಯ ಮೇಲೆ ಮೊದಲರ್ಧ ಹಾಕುತ್ತೇನೆ. ಅತ್ತೆ ಓದುತ್ತಾರೆ, ನಾನು ಪಕ್ಕದಲ್ಲಿ ಸೆಕೆಂಡು ಎಣಿಸಿಕೊಳ್ಳುತ್ತೇನೆ.