ಹನ್ನೆರಡು ಫ್ರೇಮು, ಒಂದು ಕೆಂಪು ಗಾಜು

ತುದಿ ಮುಟ್ಟಿದಾಗ ಇನ್ನೂ ಕತ್ತಲೆ. ನನ್ನ ಹತ್ತಿರ ಇದ್ದದ್ದು ಎರಡು ಲೆನ್ಸಿನ ಹಳೇ ಕ್ಯಾಮೆರಾ, ಟ್ರೈಪಾಡ್, ಇಲ್ಫರ್ಡ್ ಎಫ್‌ಪಿ4 ಅನ್ನುವ ಕಪ್ಪು-ಬಿಳುಪು ಫಿಲ್ಮಿನ ಒಂದೇ ಒಂದು ರೋಲು. ಅಂದರೆ 12 ಫ್ರೇಮು. ಎರಡನೇ ರೋಲು ಫ್ರಿಜ್ಜಿನಲ್ಲೇ ಉಳಿದಿತ್ತು. ನೆನಪಾದದ್ದು ಅರ್ಧ ಬೆಟ್ಟ ಹತ್ತಿದ ಮೇಲೆ.

ಆವತ್ತು ನನಗೆ ಬೇಕಿದ್ದದ್ದು ಕಪ್ಪು ಆಕಾಶ. 1927ರಲ್ಲಿ ಅಮೆರಿಕದ ಛಾಯಾಗ್ರಾಹಕ ಆನ್ಸೆಲ್ ಆಡಮ್ಸ್ ಅಲ್ಲಿನ ಯೊಸೆಮಿಟಿ ಕಣಿವೆಯ ಹಾಫ್ ಡೋಮ್ ಬಂಡೆಯನ್ನು ತೆಗೆದ ಕಥೆ ತಲೆಯಲ್ಲಿ ಕೂತಿತ್ತು. ಹಳದಿ ಫಿಲ್ಟರ್, ಅಂದರೆ ಲೆನ್ಸಿನ ಮುಂದಿಡುವ ಬಣ್ಣದ ಗಾಜು, ಹಾಕಿ ತೆಗೆದದ್ದು ಅವರಿಗೆ ಸಾಲದು ಅನ್ನಿಸಿತು. ಫಿಲ್ಮಿನ ಬದಲು ಬಳಸುತ್ತಿದ್ದ ಗಾಜಿನ ಪ್ಲೇಟು ಒಂದೇ ಉಳಿದಿತ್ತು, ಅದಕ್ಕೆ ಗಾಢ ಕೆಂಪು ಫಿಲ್ಟರ್ ಹಾಕಿದರು. ಆಕಾಶ ಕಪ್ಪಾಯಿತು, ಬಂಡೆ ಎದ್ದು ನಿಂತಿತು. ಒಂದು ಪ್ಲೇಟಿನಲ್ಲಿ ಅವರಿಗೆ ಆದದ್ದು ಹನ್ನೆರಡರಲ್ಲಿ ನನಗೆ ಆಗಲ್ವಾ ಅನ್ನುವ ಧೈರ್ಯ ನನ್ನದು!

ಬೆಳಕು ಹರಿಯುವ ಹೊತ್ತಿಗೆ ಕಣಿವೆ ತುಂಬ ಮಂಜು. ಅದರಾಚೆ ಬೆಟ್ಟದ ಹಿಂದೆ ಬೆಟ್ಟ, ಒಂದಕ್ಕಿಂತ ಒಂದು ತೆಳು.

"ಇದನ್ನ ತೆಗಿಯಲ್ವಾ?" ಅಂದ ಗೆಳೆಯ.

"ಮಂಜು ಹೋಗಲಿ ಇರು."

"ಒಂದು ತೆಗಿ ಮಾರಾಯ. ಸುಮ್ನೆ ಕೂತಿದ್ದೀಯಲ್ಲ."

ಅವನ ಕಾಟಕ್ಕೆ ಒಂದು ತೆಗೆದೆ. ಆಮೇಲೆ ನೋಡಿದರೆ ಕೆಳಗಿನ ಲೆನ್ಸಿನ ಮುಚ್ಚಳ ಹಾಗೇ ಇತ್ತು. ಈ ಕ್ಯಾಮೆರಾದಲ್ಲಿ ನೋಡುವುದು ಮೇಲಿನ ಲೆನ್ಸಿನಲ್ಲಿ, ಫಿಲ್ಮಿಗೆ ಬೆಳಕು ಹೋಗುವುದು ಕೆಳಗಿನದರಲ್ಲಿ. ಮುಚ್ಚಳ ಇದ್ದರೂ ನಮಗೆ ಎಲ್ಲಾ ಚೆಂದ ಕಾಣುತ್ತದೆ. ಗೊಣಗಿಕೊಂಡು ಇನ್ನೊಂದು ತೆಗೆದೆ. ಫಿಲ್ಟರ್ ಕೂಡ ಹಾಕಲಿಲ್ಲ. ಹೋಗಲಿ ಅಂತ.

ಬಿಸಿಲು ಏರಿ ಮಂಜು ಕರಗಿದ ಮೇಲೆ ನನ್ನ ಕೆಲಸ ಶುರುವಾಯಿತು. ಕೆಂಪು ಗಾಜು ನೀಲಿ ಬೆಳಕನ್ನು ಒಳಗೆ ಬಿಡುವುದಿಲ್ಲ. ನೀಲಿ ಆಕಾಶ ಫಿಲ್ಮಿನ ಮೇಲೆ ಅಷ್ಟಾಗಿ ಬೀಳುವುದಿಲ್ಲ, ಪ್ರಿಂಟಿನಲ್ಲಿ ಕಪ್ಪಾಗುತ್ತದೆ. ಗಾಜು ಹೀಗೆ ಬೆಳಕು ತಡೆಯುವುದರಿಂದ ಕೊಡಬೇಕಾದದ್ದು ಮೂರು ಸ್ಟಾಪ್ ಜಾಸ್ತಿ ಬೆಳಕು, ಒಂದೊಂದು ಸ್ಟಾಪಿಗೂ ಬೆಳಕು ಎರಡು ಪಟ್ಟು. ಲೆನ್ಸಿನ ಕಿಂಡಿ ಎಫ್ 16 ಇದ್ದಾಗ ಬೆಳಕಿನ ಮೀಟರ್ 1/60 ಸೆಕೆಂಡ್ ಅಂದರೆ ನಾನು ಇಡಬೇಕಾದದ್ದು 1/8. ಲೆಕ್ಕ ಸರಿಯಾಗೇ ಮಾಡಿದೆ. ಉಳಿದ ಹತ್ತನ್ನೂ ಹಾಗೇ ಮುಗಿಸಿ, ಗೆದ್ದವನ ಹಾಗೆ ಕೆಳಗಿಳಿದೆ.

ಡೆವಲಪ್ ಮಾಡಿದ್ದು ವಾರದ ನಂತರ. ಅರ್ಧಕ್ಕರ್ಧ ನೀರು ಬೆರೆಸಿದ ಐಡಿ-11 ಡೆವಲಪರ್, 20 ಡಿಗ್ರಿ, 11 ನಿಮಿಷ. ಒದ್ದೆ ನೆಗೆಟಿವನ್ನು ಬೆಳಕಿಗೆ ಹಿಡಿದಾಗ ಆಕಾಶದ ಭಾಗ ಬಹುತೇಕ ಖಾಲಿ ಕಂಡಿತು. ಖುಷಿಯಾಯಿತು, ಪ್ರಿಂಟಿನಲ್ಲಿ ಅದೇ ಕಪ್ಪು. ಆದರೆ ಕಣಿವೆಯ ನೆರಳುಗಳೂ ಖಾಲಿ! ಒಂದು ಮರ, ಒಂದು ಕಲ್ಲು ಏನೂ ಇಲ್ಲ.

ತಪ್ಪು ಹೊಳೆಯಲು ಎರಡು ದಿನ ಬೇಕಾಯಿತು. ಬಿಸಿಲು ಬೀಳದ ಇಳಿಜಾರಿಗೆ ಬೆಳಕು ಬರುವುದು ಎಲ್ಲಿಂದ? ಆಕಾಶದಿಂದ. ಅಂದರೆ ಅದೂ ನೀಲಿ. ಬಿಸಿಲಿನ ಬಂಡೆಗೆ ಮೂರು ಸ್ಟಾಪ್ ಸಾಕು, ನೆರಳಿಗೆ ಸಾಲದು. ಆಕಾಶವನ್ನು ಕಪ್ಪು ಮಾಡಿದ ಗಾಜೇ ಕಣಿವೆಯನ್ನೂ ನುಂಗಿತ್ತು. ಹತ್ತಿರದ ಹುಲ್ಲು 1/8 ಸೆಕೆಂಡಿನ ಗಾಳಿಗೆ ಕಲಸಿ ಹೋಗಿತ್ತು, ಅದು ಬೇರೆ.

ಇದಕ್ಕಿಂತ ನೋವಾದದ್ದು ದೂರದ ಬೆಟ್ಟಗಳನ್ನು ನೋಡಿ. ದೂರದ ಮಬ್ಬಿನಲ್ಲಿ ಚದುರುವುದೂ ಹೆಚ್ಚಾಗಿ ನೀಲಿ ಬೆಳಕೇ. ಕೆಂಪು ಗಾಜು ಆ ಮಬ್ಬನ್ನು ಒರೆಸಿ ಹಾಕಿತ್ತು. ಹಿಂದಿನ ಬೆಟ್ಟ ಮುಂದಿನದಕ್ಕೆ ಅಂಟಿಸಿದ ರಟ್ಟಿನ ಹಾಗೆ ಕಾಣುತ್ತಿತ್ತು. ಎಲ್ಲಾ ಚೊಕ್ಕ, ಎಲ್ಲಾ ಚಪ್ಪಟೆ.

ಎರಡನೇ ಫ್ರೇಮನ್ನು ಕೊನೆಗೆ ನೋಡಿದೆ, ಆ ಫಿಲ್ಟರ್ ಇಲ್ಲದ್ದು. ಅಲ್ಲಿ ಆಕಾಶ ಸಪ್ಪೆ ಬಿಳಿ. ಆದರೆ ಬೆಟ್ಟಗಳು ಒಂದರ ಹಿಂದೆ ಒಂದು ಸರಿಯುತ್ತಾ ಹೋಗಿದ್ದವು, ಎಣಿಸಿದರೆ ಏಳು. ಏಳನೆಯದು ಇದೆಯೋ ಇಲ್ಲವೋ ಅನ್ನುವಷ್ಟು ತೆಳು.

ಪ್ರಿಂಟ್ ಮಾಡಿ ಗೋಡೆಗೆ ಹಾಕಿದ್ದು ಅದನ್ನೇ. ಗೆಳೆಯನಿಗೆ ಮಾತ್ರ ಇನ್ನೂ ತೋರಿಸಿಲ್ಲ. ತೋರಿಸಿದರೆ ವರ್ಷವಿಡೀ ಹೇಳಿಕೊಂಡು ತಿರುಗುತ್ತಾನೆ.