ಫ್ರೇಸಲ್ ವರ್ಬ್ ಡೆಕ್ ಅಪ್‌ಡೇಟ್: 'ಗೆಟ್ ಅವೇ' ಅನ್ನೋ ಜಿಗಣೆ

ಕೊನೆಗೂ ಬಿಡ್ತು ಕಣ್ರೀ. ಇಂಗ್ಲಿಷ್ ಫ್ರೇಸಲ್ ವರ್ಬ್ (ಕ್ರಿಯಾಪದಕ್ಕೆ ಔಟ್, ಆಫ್, ಅವೇ ಥರ ಪುಟ್ಟ ಪದ ಸೇರಿದವು) ಕಲಿಯೋಕೆ ನಾನು ಮಾಡಿರೋ ಫ್ಲ್ಯಾಶ್‌ಕಾರ್ಡ್ ಕಟ್ಟಲ್ಲಿ, ಅಂದ್ರೆ ಡೆಕ್‌ನಲ್ಲಿ, 'ಬ್ರೇಕ್ ಔಟ್', 'ರನ್ ಆಫ್', 'ಸ್ಲಿಪ್ ಔಟ್' ಎಲ್ಲಾ ಯಾವಾಗ್ಲೋ ಮೆಚ್ಯೂರ್ ಆಗಿ, ಅಂದ್ರೆ ನೆನಪಲ್ಲಿ ಗಟ್ಟಿಯಾಗಿ, ಕೂತಿದಾವೆ, ಅವುಗಳ ಬಗ್ಗೆ ಬರೆಯೋಕೇನೂ ಇಲ್ಲ. 'ಗೆಟ್ ಅವೇ' ಒಂದೇ ಒಂದು ಪ್ರಾಣ ತಿಂತಾ ಇದ್ದಿದ್ದು. ಆಂಕಿ ಅನ್ನೋ ಫ್ಲ್ಯಾಶ್‌ಕಾರ್ಡ್ ಆಪ್‌ನಲ್ಲಿ ಡೀಫಾಲ್ಟ್ ಪ್ರಕಾರ ಒಂದು ಕಾರ್ಡ್ 8 ಸಲ ಮರೆತ್ರೆ 'ಲೀಚ್', ಅಂದ್ರೆ ಜಿಗಣೆ, ಅಂತ ಟ್ಯಾಗ್ ಬೀಳುತ್ತಲ್ಲ, ಓಡಿಹೋಗೋದು ಅಂತ ಅರ್ಥ ಇರೋ ಪದಾನೇ ಜಿಗಣೆ ಆಗಿ ಕಚ್ಕೊಂಡು ಬಿಡದೇ ಇದ್ರೆ ಅದಕ್ಕೇನಂತ ಹೇಳೋದು.

ಡೆಕ್ ಓದಿ ನೋಡೋ ನಮ್ಮ ಟೆಸ್ಟರ್ ಅಂದ್ರೆ ಚಿಕ್ಕಮ್ಮನ ಮಗಳು, ಸೆಕೆಂಡ್ ಪಿಯುಸಿ. ಕಾರ್ಡ್ ಹಿಂದೆ 'ತಪ್ಪಿಸಿಕೊಳ್ಳು' ಅಂತ ಇತ್ತು, ಯಾವ ಡಿಕ್ಷನರಿ ತೆಗೆದ್ರೂ ಹೆಚ್ಚು ಕಮ್ಮಿ ಅದೇ ಇರುತ್ತೆ. ಇಂಗ್ಲಿಷಿಂದ ಕನ್ನಡಕ್ಕೆ ಬರುವಾಗ ಏನೂ ತೊಂದ್ರೆ ಇಲ್ಲ, ಕಳ್ಳ ತಪ್ಪಿಸ್ಕೊಂಡ, 'ದ ಥೀಫ್ ಗಾಟ್ ಅವೇ', ಮುಗೀತು. ರಿವರ್ಸ್ ಕಾರ್ಡ್ (ಕನ್ನಡ ನೋಡಿ ಇಂಗ್ಲಿಷ್ ಹೇಳೋದು) ಆನ್ ಮಾಡಿದ ತಕ್ಷಣ ಶುರು ನೋಡಿ ಮಜಾ. 'ಕಡಲೆಕಾಯಿ ಪರಿಷೆಲಿ ಮಗು ತಪ್ಪಿಸ್ಕೊಂಡಿದೆ' ಅನ್ನೋದಕ್ಕೆ ಅವಳು ಬರೆದಿದ್ದು 'ದ ಚೈಲ್ಡ್ ಗಾಟ್ ಅವೇ', ಅಂದ್ರೆ ಮಗುನ ಯಾರೋ ಕಟ್ಟಿಹಾಕಿದ್ರು ಅದು ಕಂಬಿ ಕಿತ್ತಿತು ಅನ್ನೋ ಹಾಗೆ! 'ಬಸ್ ತಪ್ಪಿಸ್ಕೊಂಡೆ'ಗೆ 'ಐ ಗಾಟ್ ಅವೇ ಫ್ರಮ್ ದ ಬಸ್', ಬಿಎಂಟಿಸಿ ಅಟ್ಟಿಸ್ಕೊಂಡು ಬಂದಿತ್ತೇನೋ. ಕೇಳಿದ್ರೆ "ಅಣ್ಣಾ, ನೀನೇ ತಾನೆ ಅದೇ ಅರ್ಥ ಅಂದಿದ್ದು" ಅಂತಾಳೆ. ಅವಳನ್ನ ಬೈಯೋಕೆ ಆಗಲ್ಲ, ಒಂದು 'ತಪ್ಪಿಸಿಕೊಳ್ಳು'ನಲ್ಲಿ ನಾವು ಓಡಿಹೋಗೋದು, ಕಳೆದುಹೋಗೋದು, ಮಿಸ್ ಮಾಡ್ಕೊಳ್ಳೋದು, ಕೆಲಸದಿಂದ ಜಾರ್ಕೊಳ್ಳೋದು ಎಲ್ಲಾ ತುರುಕಿದೀವಿ. ಮೀಟಿಂಗ್ ತಪ್ಪಿಸ್ಕೊಂಡ್ರೆ ಅದು 'ಗೆಟ್ ಅವೇ' ಕೂಡ ಅಲ್ಲ, 'ಗಾಟ್ ಔಟ್ ಆಫ್ ದ ಮೀಟಿಂಗ್'.

ಹಾಗಾಗಿ ಆ ಪದಾನ ಇಡೀ ಡೆಕ್‌ನಿಂದ ಬ್ಯಾನ್ ಮಾಡ್ದೆ. ಕಳ್ಳನಿಗೆ 'ಪರಾರಿಯಾದ', ಆಫೀಸಿಂದ ಹೊರಡೋಕೆ ಆಗ್ಲಿಲ್ಲ ಅನ್ನೋದಕ್ಕೆ 'ಎಂಟು ಗಂಟೆ ತನಕ ಬಿಡಿಸ್ಕೊಂಡು ಬರೋಕೇ ಆಗ್ಲಿಲ್ಲ', ವೀಕೆಂಡ್ ಸಕಲೇಶಪುರಕ್ಕೆ ಹೋಗೋ 'ಗೆಟ್ ಅವೇ'ಗೆ 'ಊರು ಬಿಟ್ಟು ಎಲ್ಲಾದ್ರೂ ಹೋಗಿಬರೋಣ'. ಒಂದೇ ಪದವಾಗಿ ಕೂಡಿಸಿ ಬರೆದ್ರೆ ನಾಮಪದ, ರೆಸಾರ್ಟ್ ಜಾಹೀರಾತಲ್ಲಿ ಬರೋ 'ಗೆಟವೇ'ನೂ ಅದೇ, ದರೋಡೆ ಮಾಡಿದೋರು ಹತ್ತಿ ಓಡೋ 'ಗೆಟವೇ ಕಾರ್'ನಲ್ಲಿರೋದೂ ಅದೇ. ಇಷ್ಟು ಸಲೀಸಾಗೇ ಆಯ್ತು.

ನಿಜವಾದ ತಲೆನೋವು 'ವಿತ್' ಸೇರಿದ ಮೇಲೆ. ಈ ಮೂರು ನೋಡಿ:

ಹಿ ಗಾಟ್ ಅವೇ ವಿತ್ ದ ಬೈಕ್.
ಹಿ ಗಾಟ್ ಅವೇ ವಿತ್ ಎ ವಾರ್ನಿಂಗ್.
ಹಿ ಗಾಟ್ ಅವೇ ವಿತ್ ಚೀಟಿಂಗ್.

ಮೈಕಟ್ಟು ಒಂದೇ, ಒಳಗೆ ಮೂರೂ ಬೇರೆ ಬೇರೆ. ಮೊದಲನೆಯವನು ಬೈಕ್ ಹೊಡ್ಕೊಂಡು ಪರಾರಿ, ಎರಡನೆಯವನು ಬರೀ ವಾರ್ನಿಂಗ್‌ನಲ್ಲಿ ಬಚಾವಾದ, ಮೂರನೆಯವನು ಕಾಪಿ ಹೊಡೆದೂ ದಕ್ಕಿಸ್ಕೊಂಡ, ಯಾರೂ ಹಿಡೀಲೇ ಇಲ್ಲ. 'ಎಸ್ಕೇಪ್ ಆದ' ಅಂತ ನಮ್ಮ ಬೆಂಗಳೂರು ಕನ್ನಡದಲ್ಲಿ ಮೂರಕ್ಕೂ ಹಾಕಬಹುದು, ಅದಕ್ಕೇ ಅವಳು ಮೂರಕ್ಕೂ ಅದನ್ನೇ ಹೇಳಿ 'ಗುಡ್' (ಉತ್ತರ ಸರಿಯಾಯ್ತು ಅನ್ನೋ ಬಟನ್) ಒತ್ತಿ ಮುಂದೆ ಹೋಗ್ತಿದ್ಲು, ಆಮೇಲೆ ವಾಕ್ಯ ಬರೆಯೋಕೆ ಕೂತ್ರೆ ವಾರ್ನಿಂಗ್ ಕದ್ಕೊಂಡು ಹೋದವನ ಕಥೆ ಬರ್ತಿತ್ತು.

ಅರ್ಥ ಕೇಳೋದನ್ನ ಬಿಟ್ಟು ಬೇರೆ ಪ್ರಶ್ನೆ ಕೇಳಿದ್ಮೇಲೆ ಗಂಟು ಬಿಚ್ತು. ಈಗ ಕಾರ್ಡ್ ಮುಂದೆ ಇಂಗ್ಲಿಷ್ ವಾಕ್ಯ, ಕೆಳಗೆ ಒಂದೇ ಸಾಲು: 'ವಿತ್ ಆದ್ಮೇಲೆ ಇರೋದು ಮಾಲಾ, ಶಿಕ್ಷೆನಾ, ತಪ್ಪಾ?' ಅಷ್ಟೇ. ಮಾಲಾದ್ರೆ ಹೊತ್ಕೊಂಡು ಹೋದ, ಶಿಕ್ಷೆಯಾದ್ರೆ ಅಷ್ಟರಲ್ಲೇ ಬಿಟ್ರು, ತಪ್ಪಾದ್ರೆ ದಕ್ಕಿತು. 'ಗೆಟ್ ಅವೇ ವಿತ್ ಮರ್ಡರ್' ಬಂದಾಗ ಮಾತ್ರ ಹುಡುಗಿ ಗಾಬರಿಯಾದ್ಲು, ಅದರಲ್ಲಿ ಸಾಮಾನ್ಯವಾಗಿ ಯಾರೂ ಸಾಯಲ್ಲ, ಏನು ಮಾಡಿದ್ರೂ ಕೇಳೋರಿಲ್ಲ ಅಂತ ಅಷ್ಟೇ, ಮನೇಲಿ ಕೊನೇ ಮಗನ ಬಗ್ಗೆ ಹೇಳೋ ಮಾತು. ನಾಲ್ಕನೇದೂ ಒಂದಿದೆ, 'ಯು ಕ್ಯಾನ್ ಗೆಟ್ ಅವೇ ವಿತ್ ಒನ್ ಕೋಟ್ ಆಫ್ ಪೇಂಟ್', ಒಂದೇ ಕೋಟ್‌ನಲ್ಲಿ ಸುಧಾರಿಸಬಹುದು ಅಂತ. ಇದು ಆ ಮೂರು ಡಬ್ಬಿಲಿ ಯಾವುದಕ್ಕೂ ಹೋಗಲ್ಲ, ಸದ್ಯಕ್ಕೆ ಸಸ್ಪೆಂಡ್ ಮಾಡಿಟ್ಟಿದೀನಿ.

ಇನ್ನೊಂದು ಸೆಟ್ಟಿಂಗ್ ವಿಷಯ. ಈ ಮೂರು 'ವಿತ್' ವಾಕ್ಯಗಳನ್ನ ಆಂಕಿಯ ಒಂದೇ ನೋಟ್‌ನಲ್ಲಿ ಕ್ಲೋಜ್ (ಬಿಟ್ಟ ಸ್ಥಳ ತುಂಬಿಸೋ ಕಾರ್ಡ್) ಮಾಡಬೇಡಿ. ಮೂರೂ ಸಿಬ್ಲಿಂಗ್ಸ್ (ಒಂದೇ ನೋಟ್‌ನಿಂದ ಹುಟ್ಟಿದ ಕಾರ್ಡ್‌ಗಳು) ಆಗುತ್ತೆ, ಅಂಥವನ್ನ ಮುಂದೂಡೋ 'bury' ಸೆಟ್ಟಿಂಗ್ ಆನ್ ಇದ್ರೆ ಒಂದು ಇವತ್ತು ಬಂದು ಇನ್ನೊಂದು ನಾಳೆಗೆ ಹೋಗುತ್ತೆ, ಅಕ್ಕಪಕ್ಕ ನೋಡದೆ ವ್ಯತ್ಯಾಸ ಹೊಳೆಯೋದೇ ಇಲ್ಲ. ಬೇರೆ ಬೇರೆ ನೋಟ್ ಮಾಡಿ.

ಈಗ ಪ್ರಿಂಟ್ ಪುರಾಣ. ಚಿಕ್ಕಮ್ಮನಿಗೆ ಮಗಳ ಕೈಲಿ ಫೋನ್ ಇದ್ರೆ ಆಗಲ್ಲ, ಅದಕ್ಕೆ 'ಗೆಟ್' ಸೆಟ್ಟನ್ನ ಪೇಪರ್ ಕಾರ್ಡಲ್ಲಿ ಮಾಡಿಸೋಣ ಅಂತ ಹೊರಟೆ. ಅವೆನ್ಯೂ ರೋಡಲ್ಲಿ ಕಾರ್ಡಿಗೆ ಬೇಕಾದ ದಪ್ಪ ಬೋರ್ಡ್ ಸಿಕ್ತು, ಪ್ರೆಸ್ ಮಾತ್ರ ಸಿಗ್ತಿಲ್ಲ. ಒಬ್ಬರು ಪಿಡಿಎಫ್ ಬೇಡ ಸಾರ್ ಪೇಜ್‌ಮೇಕರ್ (ಹಳೇ ಪುಟವಿನ್ಯಾಸ ಸಾಫ್ಟ್‌ವೇರ್) ಫೈಲ್ ಕೊಡಿ ಅಂದ್ರು, ಇನ್ನೊಬ್ಬರು ಯೂನಿಕೋಡ್ ಟೆಕ್ಸ್ಟನ್ನ ಯೂನಿಕೋಡ್‌ಗೂ ಮುಂಚಿನ ಹಳೇ ಆಸ್ಕಿ ಫಾಂಟಿಗೆ ಕನ್ವರ್ಟ್ ಮಾಡಿ ಪ್ರೂಫ್ ಕೊಟ್ರು, ಅದರಲ್ಲಿ 'ದಕ್ಕಿಸ್ಕೊಂಡ'ದ ಒತ್ತಕ್ಷರಗಳೇ ಎಸ್ಕೇಪ್. ಸರಿ ಮಾಡಿ ಅಂದ್ರೆ "ಅರ್ಥ ಆಗುತ್ತಲ್ಲ ಸಾರ್". ಮಾಡಿ ದಕ್ಕಿಸ್ಕೊಳ್ಳೋದು ಅಂದ್ರೆ ಇದೇ, ಉದಾಹರಣೆ ವಾಕ್ಯಕ್ಕೆ ಸೇರಿಸ್ಕೊಂಡೆ.

ಪ್ರೂಫ್‌ಗೆ ಕಾಯ್ತಾ ಕೂತಿರೋವಾಗ ಹೊಳೆದಿದ್ದು ಮುಂದಿನ ಪ್ರಾಜೆಕ್ಟ್: ರಟ್ಟಿನ ಚಕ್ರ. ಒಳಗಿನ ಸುತ್ತಲ್ಲಿ ಗೆಟ್, ಬ್ರೇಕ್, ರನ್, ಸ್ಲಿಪ್, ಹೊರಗಿನ ಸುತ್ತಲ್ಲಿ ಅವೇ, ಔಟ್, ಆಫ್, ತಿರುಗಿಸಿದ್ರೆ ಕಿಟಕಿಲಿ ಕನ್ನಡ. 'ಬ್ರೇಕ್ ಔಟ್' ಅಂದ್ರೆ ಜೈಲು ಒಡೆದು ಬರೋದೂ ಹೌದು, ರೋಗ ಶುರುವಾಗೋದೂ ಹೌದು, 'ಬ್ರೇಕ್ ಆಫ್' ನಿಶ್ಚಿತಾರ್ಥ ಮುರಿಯೋದು, ಹಾಗಾಗಿ ಒಂದು ಕಿಟಕಿ ಸಾಲಲ್ಲ. ಆಮೇಲೆ ಬ್ರಿಟಿಷರು ನಂಬದೇ ಇರೋವಾಗ ಸುಮ್ನೆ 'ಗೆಟ್ ಅವೇ!' ಅಂತಾರಲ್ಲ, ಅದಕ್ಕೆ ನಮ್ಮ 'ಹೋಗೋಲೋ!' ಎಷ್ಟು ಚೆನ್ನಾಗಿ ಕೂರುತ್ತೆ ಅಂದ್ರೆ ಅದಕ್ಕೆ ರಿವರ್ಸ್ ಕಾರ್ಡೂ ಮೊದಲ ಸಲಕ್ಕೇ ಪಾಸ್.

ಯೂನಿಕೋಡ್ ಪಿಡಿಎಫನ್ನ ಮುಟ್ಟದೇ ಹಾಗೇ ಪ್ರಿಂಟ್ ಹಾಕೋ ಪ್ರೆಸ್ ಯಾರಿಗಾದ್ರೂ ಗೊತ್ತಿದ್ರೆ ಹೇಳಿ. 300 ಜಿಎಸ್ಎಂ (ಕಾಗದದ ತೂಕದ ಲೆಕ್ಕ), ಎರಡೂ ಕಡೆ, ಮೂಲೆ ರೌಂಡ್ ಕಟಿಂಗ್ ಬೇಕು.